ಬೆಕ್ಕು ಮನುಷ್ಯರ ಗುಳಿಗೆ ನುಂಗಿದರೆ: ಮೊದಲ ಗಂಟೆಗಳಲ್ಲಿ ಮಾಡಬೇಕಾದ್ದೇನು?

ಹುಮನಾಬಾದ್: ಮೈ ಬಿಸಿಯಾದರೆ ಒಂದು ಜ್ವರದ ಗುಳಿಗೆ ನುಂಗಿ ಮಲಗುವುದು ನಮ್ಮೆಲ್ಲರ ಮನೆಯ ರೂಢಿ. ಅದೇ ಗುಳಿಗೆಯ ಒಂದು ತುಣುಕು ಮನೆಯ ಬೆಕ್ಕಿನ ಪ್ರಾಣಕ್ಕೆ ಎರವಾಗಬಲ್ಲದು ಎಂಬ ಸಂಗತಿ ಮಾತ್ರ ಬಹಳ ಮಂದಿಗೆ ತಿಳಿದಿಲ್ಲ. ಪ್ಯಾರಾಸಿಟಮಾಲ್ ಎಂಬ ಈ ಔಷಧ ಬೆಕ್ಕಿಗೆ ಔಷಧವೇ ಅಲ್ಲ, ವಿಷ. ಎಷ್ಟು ಕಡಿಮೆ ಕೊಟ್ಟರೆ ಸುರಕ್ಷಿತ ಎಂಬ ಪ್ರಶ್ನೆಗೆ ಪಶುವೈದ್ಯ ಶಾಸ್ತ್ರದಲ್ಲಿ ಇರುವುದು ಒಂದೇ ಉತ್ತರ: ಕೊಡಲೇಬಾರದು.

ಹುಮನಾಬಾದ್, ಬಸವಕಲ್ಯಾಣದಂಥ ತಾಲ್ಲೂಕು ಕೇಂದ್ರಗಳಲ್ಲಿ ಈ ತಿಳಿವಳಿಕೆಯ ಅಗತ್ಯ ಇನ್ನೂ ಹೆಚ್ಚು. ದೇವಣಿ ತಳಿಯ ರಾಸುಗಳಿಗೆ ಹೆಸರಾದ ಸೀಮೆ ಇದು. ಇಲ್ಲಿನ ಪಶು ಆಸ್ಪತ್ರೆಗಳು ದನ, ಎಮ್ಮೆ, ಕುರಿ, ಮೇಕೆಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟು ರೂಪುಗೊಂಡವು. ಜನ ಇಂದಿಗೂ ಅವುಗಳನ್ನು ದನದ ದವಾಖಾನೆ ಎಂದೇ ಕರೆಯುತ್ತಾರೆ. ಬೆಕ್ಕನ್ನು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಅಲ್ಲಿಗೆ ಹೋಗಲು ಹಲವರಿಗೆ ಸಂಕೋಚ. ಹೀಗಾಗಿ ಮೊದಲ ಚಿಕಿತ್ಸೆ ಮನೆಯಲ್ಲೇ, ಅಂದಾಜಿನ ಮೇಲೆ ನಡೆದುಬಿಡುತ್ತದೆ. ಬೆಕ್ಕು ಮೇಲ್ನೋಟಕ್ಕೆ ಆರಾಮವಾಗಿರುವ ಆರಂಭದ ಆ ಒಂದೆರಡು ಗಂಟೆಗಳೇ ಚಿಕಿತ್ಸೆಗೆ ಅತ್ಯಂತ ಪ್ರಶಸ್ತವಾದ ವೇಳೆ. ಲಕ್ಷಣ ಕಾಣಿಸಲಿ, ಆಮೇಲೆ ನೋಡೋಣ ಎಂದು ಕಾಯುವವರು ಕಳೆದುಕೊಳ್ಳುವುದು ಇದನ್ನೇ.

ಬೆಕ್ಕಿಗೇ ಏಕೆ ಹೀಗೆ?

ಮನುಷ್ಯನ ಯಕೃತ್ತು ಪ್ಯಾರಾಸಿಟಮಾಲಿನ ಬಹುಭಾಗವನ್ನು ಗ್ಲುಕುರಾನಿಕ್ ಆಮ್ಲದೊಂದಿಗೆ ಜೋಡಿಸಿ ನಿರಪಾಯಕಾರಿಯನ್ನಾಗಿ ಮಾಡಿ ಮೂತ್ರದ ಮೂಲಕ ಹೊರಗೆ ಕಳುಹಿಸುತ್ತದೆ. ಈ ಜೋಡಣೆಗೆ ಬೇಕಾದ ಮುಖ್ಯ ಕಿಣ್ವವೊಂದನ್ನು ತಯಾರಿಸುವ ಜೀನ್ ಬೆಕ್ಕಿನ ಕುಲದಲ್ಲಿ ಕೆಲಸ ಮಾಡುವುದನ್ನೇ ನಿಲ್ಲಿಸಿದೆ. ಮಾಂಸವನ್ನೇ ತಿಂದು ಬದುಕುವ ಪ್ರಾಣಿಗೆ ಸಸ್ಯಗಳಲ್ಲಿನ ವಿಷಗಳನ್ನು ಅರಗಿಸಿಕೊಳ್ಳುವ ಅಗತ್ಯ ಬೀಳದ ಕಾರಣ ಹೀಗಾಗಿರಬಹುದೆಂಬುದು ವಿಜ್ಞಾನಿಗಳ ಊಹೆ. ಕಾರಣವೇನೇ ಇರಲಿ, ಹೊರಹೋಗಬೇಕಾದ ಔಷಧ ದೇಹದಲ್ಲೇ ಉಳಿದು ವಿಷಕಾರಿ ರೂಪಕ್ಕೆ ತಿರುಗುತ್ತದೆ.

ಮೊದಲ ಪೆಟ್ಟು ಬೀಳುವುದು ರಕ್ತಕ್ಕೆ. ಬೆಕ್ಕಿನ ಹಿಮೋಗ್ಲೋಬಿನ್ ಅಣುವಿನಲ್ಲಿ ಇಂಥ ವಿಷದ ದಾಳಿಗೆ ಸುಲಭವಾಗಿ ತುತ್ತಾಗುವ ಗಂಧಕಯುಕ್ತ ತಾಣಗಳು ಎಂಟು, ಮನುಷ್ಯನಲ್ಲಿ ಎರಡು. ವಿಷ ತಾಗಿದ ಹಿಮೋಗ್ಲೋಬಿನ್ ಮೆಟ್‌ಹಿಮೋಗ್ಲೋಬಿನ್ ಆಗಿ ಮಾರ್ಪಟ್ಟು ಆಮ್ಲಜನಕವನ್ನು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ರಕ್ತ ಚಾಕೊಲೇಟಿನ ಬಣ್ಣಕ್ಕೆ ತಿರುಗುತ್ತದೆ. ಬೆಕ್ಕು ಉಸಿರಾಡುತ್ತಿದ್ದರೂ ಅಂಗಾಂಗಗಳಿಗೆ ಉಸಿರು ತಲುಪುವುದಿಲ್ಲ. ಯಕೃತ್ತಿಗೆ ಹಾನಿಯಾಗುವುದು ಅದರ ನಂತರದ ಮಾತು.

ಒಂದು ಜೀವಿಗೆ ಮದ್ದಾದದ್ದು ಮತ್ತೊಂದಕ್ಕೆ ಮೃತ್ಯುವಾಗುವುದು ನಮ್ಮ ದೇಶಕ್ಕೆ ಹೊಸ ಪಾಠವೇನಲ್ಲ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್, ಆ ದನಗಳ ಕಳೇಬರ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನೇ ಅಳಿವಿನಂಚಿಗೆ ತಂದಿತು. ಕೇಂದ್ರ ಸರ್ಕಾರ 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಬೆಕ್ಕು ಮತ್ತು ಪ್ಯಾರಾಸಿಟಮಾಲಿನ ವಿಷಯದಲ್ಲಿ ನಿಷೇಧ ಹೊರಡಿಸಬೇಕಾದವರು ಮನೆಯವರೇ.

ತಾನಾಗಿ ತಿನ್ನುವುದು ಕಡಿಮೆ, ತಿನ್ನಿಸುವುದೇ ಹೆಚ್ಚು

ನಾಯಿ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಬೆಕ್ಕು ಹಾಗಲ್ಲ, ಮೂಸಿ ನೋಡಿ ಬಿಟ್ಟುಹೋಗುವ ಜಾಯಮಾನ ಅದರದು. ಸಿಹಿ ರುಚಿಯನ್ನು ಗ್ರಹಿಸುವ ಶಕ್ತಿಯೂ ಅದಕ್ಕಿಲ್ಲ ಎಂಬುದು 2005ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಸ್ಪಷ್ಟವಾಗಿದೆ. ಆದ್ದರಿಂದ ಮಕ್ಕಳ ಸಿಹಿ ಸಿರಪ್ಪಿಗೆ ಬೆಕ್ಕು ಆಸೆಪಡುವುದು ಅಪರೂಪ. ಹಾಗಿದ್ದರೂ ಪ್ಯಾರಾಸಿಟಮಾಲ್ ವಿಷಬಾಧೆಯ ಪ್ರಕರಣಗಳು ಪಶುವೈದ್ಯ ಸಾಹಿತ್ಯದಲ್ಲಿ ಮತ್ತೆ ಮತ್ತೆ ವರದಿಯಾಗಿರುವುದಕ್ಕೆ ಮುಖ್ಯ ಕಾರಣ, ಮನೆಯವರು ಅಕ್ಕರೆಯಿಂದಲೇ ಗುಳಿಗೆಯನ್ನು ಅರೆದು ಹಾಲಿನಲ್ಲಿ ಕಲಸಿ ಕುಡಿಸುವುದು.

ಇದರ ಹಿಂದೆ ಒಂದು ತಪ್ಪು ಗ್ರಹಿಕೆ ಇದೆ. ಆರೋಗ್ಯವಂತ ಬೆಕ್ಕಿನ ದೇಹದ ಉಷ್ಣತೆ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಅದು ಯಾವಾಗಲೂ ಬೆಚ್ಚಗೇ ಹತ್ತುತ್ತದೆ. ಮಂಕಾಗಿ ಕುಳಿತ ಬೆಕ್ಕಿನ ಮೈ ಮುಟ್ಟಿ, ಕಿವಿ ಸುಡುತ್ತಿದೆ, ಜ್ವರ ಬಂದಿದೆ ಎಂದು ತೀರ್ಮಾನಿಸುವವರು ಇಲ್ಲದ ಜ್ವರಕ್ಕೆ ವಿಷ ಉಣಿಸುತ್ತಿರುತ್ತಾರೆ. ನಿಜವಾಗಿಯೂ ಜ್ವರವಿದ್ದರೆ ಅದು ಕಚ್ಚಾಟದ ಗಾಯದ ಕೀವಿನಿಂದಲೋ ಸೋಂಕಿನಿಂದಲೋ ಬಂದಿರುವ ಸಾಧ್ಯತೆಯೇ ಹೆಚ್ಚು. ಮೂಲ ಕಾರಣಕ್ಕೆ ಚಿಕಿತ್ಸೆಯಾಗದೆ ಅದು ಇಳಿಯದು.

ಪ್ರಮಾಣದ ಲೆಕ್ಕ ನೋಡಿದರೆ ಅಪಾಯದ ಅರಿವಾದೀತು. ಬೆಳೆದ ನಾಡಬೆಕ್ಕು ಸಾಮಾನ್ಯವಾಗಿ ಮೂರರಿಂದ ನಾಲ್ಕು ಕಿಲೋ ತೂಗುತ್ತದೆ. ಪ್ರತಿ ಕಿಲೋ ತೂಕಕ್ಕೆ 50ರಿಂದ 100 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸೇರಿದರೆ ತೀವ್ರ ವಿಷಬಾಧೆ ನಿರೀಕ್ಷಿತ. ಕಿಲೋಗೆ ಕೇವಲ 10 ಮಿಲಿಗ್ರಾಂನಲ್ಲೂ ಲಕ್ಷಣ ಕಂಡ ದಾಖಲೆಗಳಿವೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಿತವಾದ 650 ಮಿಲಿಗ್ರಾಂನ ಡೋಲೊ ಒಂದನ್ನು ನಾಲ್ಕು ಕಿಲೋ ಬೆಕ್ಕು ನುಂಗಿದರೆ ಕಿಲೋಗೆ 160 ಮಿಲಿಗ್ರಾಂ ದಾಟಿತು. ಕಾಲು ಗುಳಿಗೆಯಾದರೂ 40. ಐದು ಮಿಲಿಲೀಟರ್‌ಗೆ 250 ಮಿಲಿಗ್ರಾಂ ಇರುವ ಮಕ್ಕಳ ಸಿರಪ್ಪಿನ ಒಂದು ಚಮಚೆ, ಮೂರು ಕಿಲೋ ಬೆಕ್ಕಿಗೆ ಕಿಲೋಗೆ 80 ಮಿಲಿಗ್ರಾಂಗಿಂತ ಹೆಚ್ಚು. ನೆಗಡಿಯ ಗುಳಿಗೆ, ಮೈಕೈ ನೋವಿನ ಗುಳಿಗೆಗಳಲ್ಲಿಯೂ ಪ್ಯಾರಾಸಿಟಮಾಲ್ ಅಡಗಿರುತ್ತದೆ. ದನ ಸಾಕುವ ಮನೆಗಳಲ್ಲಿ ಮೆಲಾಕ್ಸಿಕಾಮ್ ಜೊತೆ ಪ್ಯಾರಾಸಿಟಮಾಲ್ ಬೆರೆತ ದೊಡ್ಡ ಬೋಲಸ್ ಗುಳಿಗೆಗಳೂ ಇರುತ್ತವೆ. ಪಶುವಿನ ಔಷಧವೆಂಬ ಧೈರ್ಯದಿಂದ ಅದರ ಚೂರನ್ನು ಬೆಕ್ಕಿಗೆ ಹಾಕುವುದು ಇನ್ನೂ ಅಪಾಯಕಾರಿ.

ಲಕ್ಷಣಗಳು

ನುಂಗಿದ ಒಂದರಿಂದ ನಾಲ್ಕು ಗಂಟೆಗಳಲ್ಲಿ ಲಕ್ಷಣಗಳು ಆರಂಭವಾಗಬಹುದು. ಜೊಲ್ಲು, ವಾಂತಿ, ಮಂಕು, ಆಹಾರದತ್ತ ತಿರುಗಿ ನೋಡದಿರುವುದು ಮೊದಲಿಗೆ. ನಂತರ ಉಸಿರಾಟ ವೇಗವಾಗುತ್ತದೆ, ಬಾಯಿ ತೆರೆದು ಉಸಿರಾಡುತ್ತದೆ. ಮುಖ ಮತ್ತು ಮುಂಗಾಲಿನ ಪಂಜಗಳು ಊದಿಕೊಳ್ಳುವುದು ಈ ವಿಷಬಾಧೆಯ ವಿಶೇಷ ಗುರುತು. ಮೇಲ್ತುಟಿಯನ್ನು ಮೆಲ್ಲಗೆ ಎತ್ತಿ ವಸಡು ನೋಡಬೇಕು. ಗುಲಾಬಿ ಬಣ್ಣವಿರಬೇಕಾದ ವಸಡು ಕಂದು, ಮಣ್ಣು ಅಥವಾ ನೀಲಿ ಛಾಯೆಗೆ ತಿರುಗಿದ್ದರೆ ರಕ್ತ ಕೆಟ್ಟಿದೆ ಎಂದರ್ಥ. ಮೂತ್ರ ಚಹಾದ ಡಿಕಾಕ್ಷನ್ನಿನಂತೆ ಕಾಣಿಸಬಹುದು. ಚಿಕಿತ್ಸೆ ಸಿಗದಿದ್ದರೆ ಒಂದೆರಡು ದಿನಗಳೊಳಗೆ ಸಾವು ಸಂಭವಿಸಬಹುದು.

ಮನೆಯಲ್ಲಿ ಮಾಡಬೇಕಾದ್ದು

ಬಾಯಲ್ಲಿ ಗುಳಿಗೆಯ ಚೂರು ಕಾಣುತ್ತಿದ್ದರೆ ತೆಗೆದುಹಾಕಬೇಕು. ಕಾಣದಿದ್ದರೆ ಬೆರಳು ಹಾಕಿ ಹುಡುಕಬಾರದು. ಬೆಕ್ಕನ್ನು ಒಂದು ಕೋಣೆಯಲ್ಲಿ ಕೂಡಿಹಾಕಬೇಕು. ಇಲ್ಲವಾದರೆ ಅದು ಅಟ್ಟದ ಮೇಲೋ ಮಂಚದ ಕೆಳಗೋ ಅಡಗಿ, ಹೊರಡುವ ಹೊತ್ತಿಗೆ ಕೈಗೆ ಸಿಗುವುದಿಲ್ಲ. ನಂತರ ಗುಳಿಗೆಯ ಪಟ್ಟಿ ಕೈಗೆತ್ತಿಕೊಂಡು ಹೆಸರು, ಮಿಲಿಗ್ರಾಂ, ಉಳಿದಿರುವ ಗುಳಿಗೆಗಳ ಎಣಿಕೆ, ನುಂಗಿದ ಅಂದಾಜು ಸಮಯ ಬರೆದುಕೊಳ್ಳಬೇಕು. ಬೆಕ್ಕಿನ ತೂಕ ಗೊತ್ತಿಲ್ಲದಿದ್ದರೆ ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಳಿಕ ನಿಮ್ಮೊಬ್ಬರ ತೂಕವನ್ನು ಕಳೆದರಾಯಿತು. ಮನೆಯಲ್ಲಿ ಯಂತ್ರವಿಲ್ಲದಿದ್ದರೆ ಇದಕ್ಕಾಗಿ ಹೊತ್ತು ಕಳೆಯದೆ ಅಂದಾಜು ಹೇಳಿದರೂ ಸಾಕು.

ಹೊರಡುವ ಮುನ್ನ ಅಥವಾ ದಾರಿಯಲ್ಲೇ ಪಶುವೈದ್ಯರಿಗೆ ದೂರವಾಣಿ ಮಾಡಬೇಕು. ಬೆಕ್ಕಿಗೆ ಹುಷಾರಿಲ್ಲ ಎಂದಷ್ಟೇ ಹೇಳಿದರೆ ನಾಳೆ ಬನ್ನಿ ಎಂಬ ಉತ್ತರ ಬರಬಹುದು. ಇಷ್ಟು ಕಿಲೋದ ಬೆಕ್ಕು, ಇಂಥ ಹೊತ್ತಿಗೆ, ಇಷ್ಟು ಮಿಲಿಗ್ರಾಂ ಪ್ಯಾರಾಸಿಟಮಾಲ್ ನುಂಗಿದೆ, ಅಸಿಟೈಲ್‌ಸಿಸ್ಟೀನ್ ಸಿದ್ಧವಿದೆಯೇ ಎಂದು ಒಂದೇ ಉಸಿರಿಗೆ ಹೇಳಿದರೆ ವೈದ್ಯರಿಗೆ ಪರಿಸ್ಥಿತಿಯ ಗಾಂಭೀರ್ಯ ತಕ್ಷಣ ತಿಳಿಯುತ್ತದೆ.

ಗಾಳಿಯಾಡಲು ತೂತು ಮಾಡಿದ ರಟ್ಟಿನ ಡಬ್ಬಿ, ಒಳಗೊಂದು ಹಳೆಯ ಟವೆಲ್, ಇಷ್ಟು ಸಾಕು. ಉಸಿರಾಟಕ್ಕೆ ಕಷ್ಟಪಡುತ್ತಿರುವ ಬೆಕ್ಕನ್ನು ಬಿಗಿಯಾಗಿ ಅಪ್ಪಿ ಹಿಡಿಯುವುದಾಗಲಿ, ಮಕ್ಕಳ ಕೈಯಿಂದ ಕೈಗೆ ದಾಟಿಸುವುದಾಗಲಿ ಬೇಡ. ಇರುವ ಅಲ್ಪ ಆಮ್ಲಜನಕವನ್ನು ಅದು ಒದ್ದಾಟಕ್ಕೆ ವ್ಯಯಿಸಿದರೆ ದಾರಿಯಲ್ಲೇ ಕುಸಿಯಬಹುದು. ವಾಂತಿ ಮಾಡಿದ್ದರೆ ಅದನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗುವುದು ಲೇಸು.

ಮಾಡಬಾರದ್ದು

ವಿಷ ಎಂದೊಡನೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮ ಹಳ್ಳಿ, ಪಟ್ಟಣಗಳೆರಡರಲ್ಲೂ ರೂಢಿಯಲ್ಲಿದೆ. ಬೆಕ್ಕಿಗೆ ಇದು ಎರಡನೆಯ ವಿಷ. ವಾಂತಿಯಾಗದಿದ್ದರೆ ಉಪ್ಪು ರಕ್ತಕ್ಕೆ ಸೇರಿ ಮೆದುಳಿಗೆ ಹಾನಿ ಮಾಡುತ್ತದೆ. ನಾಯಿಗಳಿಗೆ ಕೆಲವೊಮ್ಮೆ ವೈದ್ಯರ ಸಲಹೆಯಂತೆ ಬಳಸುವ ಹೈಡ್ರೋಜನ್ ಪೆರಾಕ್ಸೈಡ್ ಬೆಕ್ಕಿನ ಜಠರದಲ್ಲಿ ರಕ್ತಸ್ರಾವದ ಹುಣ್ಣು ಎಬ್ಬಿಸುತ್ತದೆ. ಹಾಲು, ತುಪ್ಪ, ಎಣ್ಣೆ, ಹುಣಸೆ ನೀರು ಯಾವುದೂ ಪ್ಯಾರಾಸಿಟಮಾಲನ್ನು ಕಟ್ಟಿಹಾಕುವುದಿಲ್ಲ. ತಲೆ ಮೇಲೆತ್ತಿ ಬಲವಂತವಾಗಿ ಸುರಿದ ದ್ರವ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತದೆ. ಒಲೆಯ ಇದ್ದಿಲು ಅರೆದು ಕೊಡುವವರೂ ಇದ್ದಾರೆ. ವೈದ್ಯರು ಬಳಸುವ ಸಕ್ರಿಯ ಇದ್ದಿಲು ಬೇರೆಯೇ ವಸ್ತು. ಒಲೆಯದು ಅದಕ್ಕೆ ಬದಲಿಯಾಗದು.

ವಾಂತಿ ಮಾಡಿಸುವ ನಿರ್ಧಾರ ವೈದ್ಯರದು. ನುಂಗಿ ಒಂದೆರಡು ಗಂಟೆಯೊಳಗಿದ್ದು, ಬೆಕ್ಕು ಎಚ್ಚರದಲ್ಲಿದ್ದು, ಉಸಿರಾಟ ಸರಿಯಿದ್ದರೆ ಅವರು ಡೆಕ್ಸ್‌ಮೆಡಿಟೊಮಿಡಿನ್ ಅಥವಾ ಜೈಲಾಜಿನ್ ಚುಚ್ಚುಮದ್ದಿನಿಂದ ವಾಂತಿ ಮಾಡಿಸಬಹುದು. ದನಗಳ ಚಿಕಿತ್ಸೆಯಲ್ಲಿ ನಿತ್ಯ ಬಳಕೆಯಲ್ಲಿರುವ ಕಾರಣ ಜೈಲಾಜಿನ್ ಪಶುವೈದ್ಯರಿಗೆ ಚಿರಪರಿಚಿತ.

ಪ್ರತಿವಿಷ ಇರುವುದು ಮನುಷ್ಯರ ಔಷಧ ಅಂಗಡಿಯಲ್ಲಿ

ಪ್ಯಾರಾಸಿಟಮಾಲಿಗೆ ನಿರ್ದಿಷ್ಟ ಪ್ರತಿವಿಷ ಇದೆ. ಅದರ ಹೆಸರು ಎನ್-ಅಸಿಟೈಲ್‌ಸಿಸ್ಟೀನ್. ಅದು ವಿಷಕಾರಿ ಅಂಶಕ್ಕೆ ಅಂಟಿಕೊಂಡು, ದೇಹದಲ್ಲಿ ಬರಿದಾದ ಗ್ಲುಟಾಥಯಾನ್ ಎಂಬ ರಕ್ಷಕ ವಸ್ತುವನ್ನು ಮರುಪೂರಣ ಮಾಡುತ್ತದೆ. ಮನುಷ್ಯರ ಪ್ಯಾರಾಸಿಟಮಾಲ್ ವಿಷಬಾಧೆಗೂ ಇದೇ ಔಷಧ. ಕಫ ಕರಗಿಸಲು ನೀರಿನಲ್ಲಿ ಹಾಕಿದರೆ ನೊರೆಯುಕ್ಕುವ 600 ಮಿಲಿಗ್ರಾಂ ಗುಳಿಗೆಯ ರೂಪದಲ್ಲಿಯೂ, ಆಸ್ಪತ್ರೆಗಳಿಗಾಗಿ ಚುಚ್ಚುಮದ್ದಿನ ರೂಪದಲ್ಲಿಯೂ ಇದು ಮಾರಾಟವಾಗುತ್ತದೆ.

ದನಗಳಿಗೆ ಇದರ ಅಗತ್ಯ ಬೀಳುವುದು ವಿರಳವಾದ್ದರಿಂದ ಪಶು ಆಸ್ಪತ್ರೆಯ ಕಪಾಟಿನಲ್ಲಿ ಇದು ಇಲ್ಲದಿರುವ ಸಾಧ್ಯತೆ ಇದೆ. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಪಶುವೈದ್ಯರು ಬರೆದುಕೊಟ್ಟ ಚೀಟಿಯೊಂದಿಗೆ ಮನೆಯವರಲ್ಲೊಬ್ಬರು ಊರಿನ ಮೆಡಿಕಲ್ ಅಂಗಡಿಗಳಿಗೂ, ದೊಡ್ಡ ಖಾಸಗಿ ಆಸ್ಪತ್ರೆಗಳ ಔಷಧ ವಿಭಾಗಕ್ಕೂ ಓಡಬೇಕು. ಇನ್ನೊಬ್ಬರು ಬೆಕ್ಕಿನ ಬಳಿ ಇರಬೇಕು. ಗ್ರಂಥಗಳು ಸೂಚಿಸುವ ಪ್ರಮಾಣ ಮೊದಲಿಗೆ ಪ್ರತಿ ಕಿಲೋಗೆ 140 ಮಿಲಿಗ್ರಾಂ, ಬಳಿಕ ಆರು ಗಂಟೆಗೊಮ್ಮೆ ಪ್ರತಿ ಕಿಲೋಗೆ 70 ಮಿಲಿಗ್ರಾಂನಂತೆ ಎರಡು ದಿನಗಳಷ್ಟು ಕಾಲ. ನಾಲ್ಕು ಕಿಲೋ ಬೆಕ್ಕಿಗೆ ಮೊದಲ ಸಲಕ್ಕೆ 560 ಮಿಲಿಗ್ರಾಂ ಆಯಿತು. ಈ ಲೆಕ್ಕವನ್ನು ಇಲ್ಲಿ ಕೊಟ್ಟಿರುವುದು ಅಂಗಡಿಯಿಂದ ಎಷ್ಟು ಔಷಧ ತರಬೇಕಾದೀತು ಎಂಬ ಅಂದಾಜಿಗೆ. ಮನೆಯಲ್ಲೇ ಕುಡಿಸುವ ಸಾಹಸ ಸಲ್ಲದು. ಕೊಳೆತ ಮೊಟ್ಟೆಯ ನಾತವಿರುವ ಇದನ್ನು ಬೆಕ್ಕು ಉಗುಳುತ್ತದೆ, ನೊರೆ ಶ್ವಾಸನಾಳಕ್ಕೆ ಇಳಿಯಬಹುದು. ಅಲ್ಲದೆ ಸಕ್ರಿಯ ಇದ್ದಿಲು ಕೊಟ್ಟಿದ್ದರೆ ಅದು ಬಾಯಿಯ ಮೂಲಕ ಕೊಟ್ಟ ಈ ಪ್ರತಿವಿಷವನ್ನೂ ಹೀರಿಕೊಳ್ಳುತ್ತದೆ. ಯಾವುದನ್ನು ಯಾವಾಗ, ಯಾವ ಮಾರ್ಗದಲ್ಲಿ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ನುಂಗಿದ ಎಂಟು ಗಂಟೆಯೊಳಗೆ ಈ ಚಿಕಿತ್ಸೆ ಆರಂಭವಾದರೆ ಫಲ ಹೆಚ್ಚು. ತಡವಾದರೂ ವ್ಯರ್ಥವಲ್ಲ, ಮರುದಿನ ಆರಂಭಿಸಿದರೂ ಪ್ರಯೋಜನವಿದೆ. ಇದರೊಂದಿಗೆ ಆಮ್ಲಜನಕ, ಡ್ರಿಪ್, ವಿಟಮಿನ್ ಸಿ, ಯಕೃತ್ತಿನ ರಕ್ಷಣೆಯ ಔಷಧಗಳು ಬೇಕಾಗುತ್ತವೆ. ರಕ್ತಹೀನತೆ ತೀವ್ರವಾದರೆ ಮತ್ತೊಂದು ಬೆಕ್ಕಿನಿಂದ ರಕ್ತ ಕೊಡಬೇಕಾದೀತು. ಅದಕ್ಕೆ ತಾಲ್ಲೂಕು ಕೇಂದ್ರದ ಸೌಲಭ್ಯ ಸಾಲದು.

ಎಲ್ಲಿಗೆ ಹೋಗಬೇಕು?

ಜಿಲ್ಲೆಯ ಅದೃಷ್ಟವೆಂದರೆ, 2004ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರಿನ ನಂದಿನಗರದಲ್ಲೇ ಇದೆ. ಅದೇ ಆವರಣದ ಪಶುವೈದ್ಯಕೀಯ ಕಾಲೇಜಿನ ಚಿಕಿತ್ಸಾಲಯದಲ್ಲಿ ಸಾಕುಪ್ರಾಣಿಗಳಿಗೂ ಚಿಕಿತ್ಸೆ ಉಂಟು. ಹುಮನಾಬಾದಿನಿಂದ ಬೀದರಿಗೆ ಸುಮಾರು 50 ಕಿಲೋಮೀಟರ್, ಒಂದು ಗಂಟೆಯ ದಾರಿ. ಬಸವಕಲ್ಯಾಣದವರಿಗೆ ಹೆಚ್ಚುಕಡಿಮೆ ಎರಡು ಗಂಟೆ ಹಿಡಿಯುತ್ತದೆ.

ಈ ಎರಡು ಗಂಟೆಯ ಅಂತರವೇ ಬಸವಕಲ್ಯಾಣದವರ ನಿರ್ಧಾರವನ್ನು ಬೇರೆ ಮಾಡಬೇಕು. ನೇರವಾಗಿ ಬೀದರಿಗೆ ಹೊರಡುವ ಬದಲು ಮೊದಲು ಊರಿನ ಪಶುವೈದ್ಯರಿಂದಲೇ ವಾಂತಿ ಮಾಡಿಸುವ, ಸಾಧ್ಯವಾದರೆ ಪ್ರತಿವಿಷದ ಮೊದಲ ಪ್ರಮಾಣ ಕೊಡಿಸುವ ಕೆಲಸ ಮುಗಿಸಿ, ಅವರಿಂದ ಕೊಟ್ಟ ಔಷಧಗಳ ವಿವರ ಬರೆಸಿಕೊಂಡು ಮುಂದೆ ಸಾಗುವುದು ವಿವೇಕ. ಹುಮನಾಬಾದಿನವರು ಹಗಲಾದರೆ ಸ್ಥಳೀಯ ವೈದ್ಯರಿಗೆ ತೋರಿಸಬಹುದು, ಅವರು ಸಿಗದಿದ್ದರೆ ಕಾಯದೆ ಬೀದರಿನ ದಾರಿ ಹಿಡಿಯಬಹುದು. ಎರಡೂ ಊರುಗಳಲ್ಲಿ ರಾತ್ರಿ ವೇಳೆ ಪಶು ಆಸ್ಪತ್ರೆಯಲ್ಲಿ ವೈದ್ಯರು ಇದ್ದೇ ಇರುತ್ತಾರೆಂದು ನಂಬಿಕೊಂಡು ಹೊರಡುವಂತಿಲ್ಲ. ಬೆಕ್ಕು ಸಾಕುವವರು ಹತ್ತಿರದ ಪಶುವೈದ್ಯರ ಹಾಗೂ ಬೀದರ್ ಚಿಕಿತ್ಸಾಲಯದ ದೂರವಾಣಿ ಸಂಖ್ಯೆ, ಚಿಕಿತ್ಸೆಯ ವೇಳೆ ಇವನ್ನು ಇಂದೇ ವಿಚಾರಿಸಿ ಬರೆದಿಟ್ಟುಕೊಳ್ಳಬೇಕು. 1962 ಸಂಖ್ಯೆಯ ಪಶು ಸಂಜೀವಿನಿ ಸಂಚಾರಿ ವಾಹನ ಮುಖ್ಯವಾಗಿ ರೈತರ ಜಾನುವಾರುಗಳ ಸೇವೆಗೆಂದು ರೂಪಿತವಾದದ್ದು. ಅಲ್ಲಿಗೆ ಕರೆ ಮಾಡಿ ಸಲಹೆ ಕೇಳಲು ಅಡ್ಡಿಯಿಲ್ಲ. ಆದರೆ ವಾಹನ ಬರಲೆಂದು ಬೆಕ್ಕನ್ನು ಮನೆಯಲ್ಲಿಟ್ಟುಕೊಂಡು ಕೂರಬಾರದು.

ಬೇರೆ ಔಷಧಗಳು

ನೋವಿನ ಗುಳಿಗೆಗಳಾದ ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್‌ಗಳು ಬೆಕ್ಕಿನ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಆಸ್ಪಿರಿನ್ ದೇಹದಿಂದ ಹೊರಹೋಗಲು ದಿನಗಟ್ಟಲೆ ಹಿಡಿಯುತ್ತದೆ. ರಕ್ತದೊತ್ತಡದ ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆ, ನಿದ್ರೆಯ ಗುಳಿಗೆ, ಕ್ಷಯರೋಗದ ಐಸೋನಿಯಾಜಿಡ್, ಇವು ಪ್ರತಿಯೊಂದಕ್ಕೂ ಚಿಕಿತ್ಸೆ ಬೇರೆ ಬೇರೆ. ವಾರಕ್ಕೊಮ್ಮೆ ಸೇವಿಸುವ 60,000 ಘಟಕದ ವಿಟಮಿನ್ ಡಿ ಪುಡಿಯನ್ನು ಮಾತ್ರ ವಿಶೇಷವಾಗಿ ಹೇಳಬೇಕು. ಜನ ಅದನ್ನು ಔಷಧವೆಂದೇ ಎಣಿಸುವುದಿಲ್ಲ. ಬೆಕ್ಕಿನ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿ ಮೂತ್ರಪಿಂಡಕ್ಕೆ ಹಾನಿ ಮಾಡುವ ಇದರ ಪರಿಣಾಮ ಗೋಚರಿಸಲು ಒಂದೆರಡು ದಿನ ಬೇಕು.

ನುಂಗಿದ ಔಷಧವಷ್ಟೇ ಅಲ್ಲ, ನೆಕ್ಕಿದ್ದೂ ಅಪಾಯವೇ. ಬೆಕ್ಕು ಮೈಗೆ ತಗುಲಿದ್ದನ್ನೆಲ್ಲ ನಾಲಿಗೆಯಿಂದ ಶುಚಿಗೊಳಿಸುತ್ತದೆ. ಫ್ಲರ್ಬಿಪ್ರೊಫೆನ್ ಎಂಬ ನೋವಿನ ಮುಲಾಮು ಹಚ್ಚಿಕೊಳ್ಳುತ್ತಿದ್ದವರ ಮನೆಯ ಬೆಕ್ಕುಗಳು ಕಾಯಿಲೆ ಬಿದ್ದು ಸತ್ತ ಪ್ರಕರಣಗಳ ಹಿನ್ನೆಲೆಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2015ರಲ್ಲಿ ಎಚ್ಚರಿಕೆ ಹೊರಡಿಸಿತ್ತು. ಕೂದಲು ಬೆಳೆಯಲು ಹಚ್ಚುವ ಮಿನಾಕ್ಸಿಡಿಲ್ ದ್ರಾವಣದ ಕೆಲವೇ ಹನಿಗಳು ಬೆಕ್ಕಿನ ಹೃದಯ, ಶ್ವಾಸಕೋಶಗಳನ್ನು ಕಂಗೆಡಿಸಬಲ್ಲವು. ಮೊಣಕಾಲಿಗೆ, ತಲೆಗೆ ಇಂಥವನ್ನು ಹಚ್ಚಿಕೊಂಡವರು ಬೆಕ್ಕನ್ನು ತೊಡೆಯ ಮೇಲೆ, ದಿಂಬಿನ ಮೇಲೆ ಮಲಗಿಸಿಕೊಳ್ಳಬಾರದು.

ನಮ್ಮ ಭಾಗದಲ್ಲಿ ಇನ್ನೊಂದು ಗಮನಿಸಬೇಕಾದ ವಸ್ತು, ದನದ ಮೈಮೇಲಿನ ಉಣ್ಣಿಗೆ ಹಚ್ಚುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ದ್ರಾವಣಗಳು. ದನಕ್ಕೂ ನಾಯಿಗೂ ಬಳಸಿ ಉಳಿದದ್ದನ್ನು ಬೆಕ್ಕಿಗೂ ಸವರುವವರಿದ್ದಾರೆ. ಈ ಗುಂಪಿನ ಕೀಟನಾಶಕಗಳನ್ನು ಅರಗಿಸುವಲ್ಲಿಯೂ ಬೆಕ್ಕಿನ ಯಕೃತ್ತು ದುರ್ಬಲ. ಕಿವಿ ಅದುರುವುದು, ಮೈ ನಡುಗುವುದು, ಬಳಿಕ ಸೆಳವು ಇದರ ಲಕ್ಷಣಗಳು. ಇಲ್ಲಿ ಮನೆಯವರು ಮಾಡಬಹುದಾದ ಒಂದು ಉಪಯುಕ್ತ ಕೆಲಸವಿದೆ. ಸೆಳವು ಇಲ್ಲದಿದ್ದರೆ ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ದ್ರವ ಸಾಬೂನಿನಿಂದ ಮೈ ತೊಳೆದು, ಚೆನ್ನಾಗಿ ಒರೆಸಿ, ಬೆಚ್ಚಗೆ ಸುತ್ತಿ ವೈದ್ಯರಲ್ಲಿಗೆ ಒಯ್ಯಬೇಕು. ಬಿಸಿ ನೀರು ಬೇಡ. ಅದು ಚರ್ಮದ ಮೂಲಕ ವಿಷ ಒಳಸೇರುವುದನ್ನು ಹೆಚ್ಚಿಸುತ್ತದೆ. ತಣ್ಣೀರು ನಡುಕವನ್ನು ಹೆಚ್ಚಿಸುತ್ತದೆ.

ಬದುಕುಳಿದ ನಂತರ

ಪ್ಯಾರಾಸಿಟಮಾಲ್ ನುಂಗಿದ ಬೆಕ್ಕು ಮೊದಲ ದಿನ ದಾಟಿ ಎದ್ದು ಓಡಾಡಿದರೆ ಗಂಡಾಂತರ ಕಳೆಯಿತೆಂದು ಚಿಕಿತ್ಸೆ ನಿಲ್ಲಿಸುವುದು ಸರಿಯಲ್ಲ. ಯಕೃತ್ತಿನ ಹಾನಿ ಎರಡನೆಯ, ಮೂರನೆಯ ದಿನ ತಲೆದೋರಬಹುದು. ಕಣ್ಣಿನ ಬಿಳಿಭಾಗ, ವಸಡು, ಕಿವಿಯ ಒಳಭಾಗ ಹಳದಿಯಾಗುತ್ತಿದೆಯೇ, ಮೂತ್ರದ ಬಣ್ಣ ತಿಳಿಯಾಗುತ್ತಿದೆಯೇ ಎಂದು ದಿನಕ್ಕೆರಡು ಬಾರಿ ನೋಡಬೇಕು. ಹಾನಿಗೊಳಗಾದ ರಕ್ತಕಣಗಳು ಒಡೆಯುತ್ತ ಹೋಗುವುದರಿಂದ ರಕ್ತಹೀನತೆ ತಡವಾಗಿ ಕಾಣಿಸಿಕೊಳ್ಳುವುದುಂಟು. ವಾರದೊಳಗೆ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೂ ಅದರ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿ ಬೇರೊಂದು ಕಾಯಿಲೆ ಆರಂಭವಾಗುತ್ತದೆ. ಆದ್ದರಿಂದ ಬೇಯಿಸಿ ಮೂಳೆ ಬಿಡಿಸಿದ ಮೀನು ಅಥವಾ ಕೋಳಿಯನ್ನು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೇರಿಸದೆ ಸ್ವಲ್ಪ ಸ್ವಲ್ಪವಾಗಿ ಮುಂದಿಡಬೇಕು. ಈರುಳ್ಳಿ, ಬೆಳ್ಳುಳ್ಳಿ ಬಿಡಿ ಎಂದದ್ದು ರುಚಿಯ ಕಾರಣಕ್ಕಲ್ಲ. ಅವೂ ಬೆಕ್ಕಿನ ರಕ್ತಕಣಗಳನ್ನು ಇದೇ ರೀತಿಯಲ್ಲಿ ಒಡೆಯುತ್ತವೆ.